ಹನ್ನೊಂದು ಎಲೆಯ ಪಂಕ್ತಿ

ಗುರುವಪ್ಪಣ್ಣನ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ. ಮುಂಬಯಿ ಹತ್ತಿರ, ಡೊಂಬಿವಲಿ ಪೂರ್ವದ ನಮ್ಮ ಹೋಟೆಲಿನಲ್ಲಿ ದೋಸೆಯ ಕಾವಲಿ ಗೋಡೆಗೆ ಮುಖ ಮಾಡಿದೆ. ಅದರ ಮುಂದೆ ನಿಂತವನಿಗೆ ಗಿರಾಕಿಗಳು ಕಾಣುವುದಿಲ್ಲ, ಜೊತೆಯವರೂ ಕಾಣುವುದಿಲ್ಲ. ಹಿಂದಿನಿಂದ ಬರುವ ಕೂಗು ಮಾತ್ರ ಕೇಳುತ್ತದೆ. ಆರು ಮಸಾಲೆ, ಎರಡು ಸಾದಾ, ಒಂದು ಈರುಳ್ಳಿ ಬೇಡದ್ದು. ಆತ ಹಿಂತಿರುಗಿ ನೋಡದೆ ತಲೆ ಅಲ್ಲಾಡಿಸುತ್ತಾನೆ. ತೆಂಗಿನ ಕಡ್ಡಿಯ ಹಿಡಿಸೂಡಿಯಿಂದ ಕಾವಲಿಗೆ ನೀರು ಚಿಮುಕಿಸಿ, ಆ ಚುರ್ ಸದ್ದು ಕೇಳಿಯೇ ಬಿಸಿ ಎಷ್ಟಿದೆ ಎಂದು ತಿಳಿಯುತ್ತಾನೆ.

ನಾನು ಅಲ್ಲಿ ಆನ್‌ಲೈನ್ ಆರ್ಡರ್ ನೋಡಿಕೊಳ್ಳುವವನು. ಕೌಂಟರಿನ ಮೂಲೆಯಲ್ಲಿ ಸ್ಲೇಟಿನಷ್ಟು ದೊಡ್ಡ ಎರಡು ಯಂತ್ರಗಳಿವೆ. ಅವು ಕೂಗಿದಾಗ ಓದಿ ಒಳಗೆ ಹೇಳುವುದು ನನ್ನ ಕೆಲಸ. ಹಾವೇರಿ ಕಡೆಯ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವನು ನಾನೊಬ್ಬನೇ. ಅದನ್ನು ಬಂದ ಮೊದಲ ದಿನವೇ ಹೇಳಿಕೊಂಡಿದ್ದರಿಂದ ಹೋಟೆಲಿನಲ್ಲಿ ನನಗೆ ‘ಡಿಗ್ರಿ’ ಎಂಬ ಹೆಸರು ಬಿತ್ತು. ಎಲ್ಲರೂ ಹಾಗೇ ಕರೆಯುತ್ತಾರೆ. ನಾನೂ ಓಗೊಡುತ್ತೇನೆ.

ಗುರುವಪ್ಪಣ್ಣ ಕಾರ್ಕಳದ ಆಚೆಯ ಒಂದು ಊರಿನವನು. ಹದಿನೇಳನೆಯ ವಯಸ್ಸಿಗೆ ಠಾಣೆ ಎಂಬ ಊರಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದ. ಆಮೇಲೆ ತರಕಾರಿ ಹೆಚ್ಚಿದ, ಇಡ್ಲಿಯ ಪಾತ್ರೆ ಹೊತ್ತ. ಇಪ್ಪತ್ತನಾಲ್ಕಕ್ಕೆ ಕಾವಲಿ ಅವನ ಕೈಗೆ ಬಂತು. ಈಗ ನಲವತ್ತೊಂದು. ಎಡಗೈಯ ಮೇಲೆ ಮೊಣಕೈಯವರೆಗೆ ಸಣ್ಣ ಸಣ್ಣ ಸುಟ್ಟ ಗುರುತುಗಳಿವೆ. ಕೇಳಿದರೆ, “ಇದು ಎಣ್ಣೆಯ ಸಹಿ, ಮಾರಾಯ. ನಿಮ್ಮ ಸರ್ಟಿಫಿಕೇಟಿನಲ್ಲಿ ಒಂದೇ ಸಹಿ ಇರುವುದಲ್ವಾ? ನನಗೆ ನಲವತ್ತುಂಟು” ಎನ್ನುತ್ತಿದ್ದ.

ಅವನ ತಾಯಿ ಬಾಗಿಯಮ್ಮ ಊರಿನಲ್ಲಿದ್ದುಕೊಂಡೇ ಹದಿನೈದು ವರ್ಷ ಹೆಣ್ಣು ಹುಡುಕಿದರು. ಹೆಣ್ಣಿನ ಮನೆಯವರು ಹುಡುಗ ಎಂತ ಮಾಡುವುದು ಎಂದು ಕೇಳುತ್ತಿದ್ದರಂತೆ. ಬೊಂಬಾಯಿಯಲ್ಲಿ ಎಂದಾಗ ಬಾಗಿಲಿನ ಹಿಂದೆ ನಿಂತ ಹೆಂಗಸರು ಒಂದು ಹೆಜ್ಜೆ ಮುಂದೆ ಬರುತ್ತಿದ್ದರು. ಹೋಟೆಲಿನಲ್ಲಿ ಎಂದಾಗ ಅಷ್ಟೇ ಹೆಜ್ಜೆ ಹಿಂದೆ ಹೋಗುತ್ತಿದ್ದರು. ಚಹಾ ಮಾತ್ರ ಎಲ್ಲ ಮನೆಯಲ್ಲೂ ಕೊಟ್ಟರು.

ಕೊನೆಗೆ ಸಂಬಂಧ ಸಿಕ್ಕಿದ್ದು ನಮ್ಮ ರೈಲು ಲೈನಿನಲ್ಲೇ, ವಿಠ್ಠಲವಾಡಿಯಲ್ಲಿ. ನಿಶ್ಮಿತಾ ಎಂದು ಹೆಸರು, ಮೂವತ್ತೈದು ವಯಸ್ಸು. ರಬಾಳೆಯ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ. ಹುಡುಗನನ್ನು ನೋಡಲು ತಾಯಿಯನ್ನು ಕರೆದುಕೊಂಡು ಹೋಟೆಲಿಗೇ ಬಂದಿದ್ದಳು. ಅದು ಭಾನುವಾರದ ಬೆಳಗ್ಗೆ ಹತ್ತೂವರೆ, ಬಾಗಿಲಲ್ಲಿ ಗಿರಾಕಿಗಳ ಸಾಲು. ಗುರುವಪ್ಪಣ್ಣನಿಗೆ ಕಾವಲಿ ಬಿಟ್ಟು ಬರಲಾಗಲಿಲ್ಲ. ಅವಳು ಮಸಾಲೆ ದೋಸೆ ತಿಂದು, ಅಡುಗೆಮನೆಯ ಕಿಂಡಿಯಿಂದ ಅವನ ಬೆನ್ನು ನೋಡಿಕೊಂಡು ಹೋದಳು. ಸಂಜೆ ಒಪ್ಪಿಗೆಯ ಫೋನ್ ಬಂತು. ಒಂದು ಷರತ್ತು ಇತ್ತು. ಹೋಟೆಲಿನವರ ರೂಮಿನಲ್ಲಿ ಮಲಗುವುದು, ಬೆಳಗ್ಗೆ ಐದರಿಂದ ಸರಿರಾತ್ರಿಯವರೆಗೆ ನಿಲ್ಲುವುದು ಇನ್ನು ಬೇಡ. ಅವಳದೇ ಕಂಪನಿಯ ಕ್ಯಾಂಟೀನಿನಲ್ಲಿ ಜಾಗ ಖಾಲಿ ಇತ್ತು, ಎಂಟು ಗಂಟೆಯ ಕೆಲಸ, ಭಾನುವಾರ ರಜೆ. ಗುರುವಪ್ಪಣ್ಣ ಹೂಂ ಎಂದ.

ಮದುವೆ ಡಿಸೆಂಬರಿನಲ್ಲಿ, ಊರಿನ ದೇವಸ್ಥಾನದಲ್ಲಿ. ಬಾಗಿಯಮ್ಮನಿಗೆ ಅಷ್ಟು ದೂರದ ಪ್ರಯಾಣ ಆಗದು. ಅಷ್ಟು ದೂರ ಹೋಗಲು ನಮ್ಮಲ್ಲಿ ಇಬ್ಬರಿಗಿಂತ ಹೆಚ್ಚು ಜನಕ್ಕೆ ರಜೆ ಸಿಗುವುದಿಲ್ಲ. ಹಾಗಾಗಿ, ಹೋಗುವ ಮೊದಲು ಇಲ್ಲಿಯೇ ಒಂದು ಪಾರ್ಟಿ ಆಗಬೇಕು ಎಂದವನು ದಯಾನಂದ. ಟೇಬಲ್ ನೋಡಿಕೊಳ್ಳುವ ಸಪ್ಲೈಯರ್. ಗುರುವಪ್ಪಣ್ಣನ ಜೊತೆ ಒಂದೇ ರೂಮಿನಲ್ಲಿ ಹದಿನೆಂಟು ವರ್ಷ ಇದ್ದವನು.

“ಓ ಡಿಗ್ರಿ, ಪ್ಲಾನ್ ಮಾಡುವುದು ನೀವು” ಎಂದ. “ಓದಿದ್ದು ಎಂತಕ್ಕೆ ಮತ್ತೆ? ಜನ ಸಾಯುವವರೆಗೆ ನೆನಪಿಟ್ಟುಕೊಳ್ಳಬೇಕು, ಹಾಗಿರಬೇಕು ಪಾರ್ಟಿ.”

ನಾನು ಗಂಭೀರವಾಗಿಯೇ ತೆಗೆದುಕೊಂಡೆ. ಒಂದು ನೋಟ್‌ಬುಕ್ ಹಿಡಿದು ಉಳಿದ ಒಂಬತ್ತು ಜನರನ್ನೂ ಒಬ್ಬೊಬ್ಬರಾಗಿ ಕೇಳಿದೆ. ದಯಾನಂದನಿಗೆ ದೋಣಿ ಬೇಕಿತ್ತು, ಅದರಲ್ಲಿ ಡಿಜೆ. ರುಬ್ಬುವ ಯಂತ್ರ ನೋಡಿಕೊಳ್ಳುವ ಕಲಬುರಗಿಯ ಗುರುನಾಥ, “ಕೋಳಿ ಇರಬೇಕ್ ನೋಡ್ರೀ. ವರ್ಷಾನುಗಟ್ಲೆ ಬರೇ ಸಾಂಬಾರ್ ವಾಸನಿ ಕುಡ್ದು ಕುಡ್ದು ನನ್ನ ಮೂಗು ಜನಿವಾರ ಹಾಕ್ಕೊಂಡೈತಿ” ಎಂದ. ಚಹಾದ ಸಂದೇಶ ಕೊಂಕಣದವನು. ಮಾಥೇರಾನ್ ಬೆಟ್ಟಕ್ಕೆ ಹೋಗೋಣ ಎಂದ. ನಮ್ಮ ಮಾಲೀಕರ ಮಗ ಅಭಿಜಿತ್ ಮಹಾಪೆಯ ಬ್ರಾಂಚ್ ನೋಡಿಕೊಳ್ಳುತ್ತಾನೆ. ಕನ್ನಡ ಅರ್ಥವಾದರೂ ಉತ್ತರ ಹಿಂದಿಯಲ್ಲಿ. ಅವನು ನನ್ನ ಪಟ್ಟಿ ನೋಡಿ ನಕ್ಕ.

“ಅರೆ ಯಾರ್, ಏ ಕ್ಯಾ ಸ್ಕೂಲ್ ಪಿಕ್ನಿಕ್ ಹೈ? ವಾಶಿ ಮೇ ಏಕ್ ರೂಫ್‌ಟಾಪ್ ಬುಕ್ ಕರ್ತೇ ಹೈ. ಅಣ್ಣಾ ಕೋ ಏಕ್ ಗಾಗಲ್ ಪೆಹನಾ ದೋ, ಬಸ್.” ವಾಶಿಯ ಯಾವುದೋ ತಾರಸಿ ಹೋಟೆಲಿನಲ್ಲಿ ಅಣ್ಣನಿಗೆ ಕಪ್ಪು ಕನ್ನಡಕ ಹಾಕಿ ಕೂರಿಸುವುದು ಅವನ ಯೋಜನೆ.

ಮದುಮಗನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಕಾವಲಿಯ ಪಕ್ಕ ಹೋಗಿ ನಿಂತು ಪಟ್ಟಿಯನ್ನು ಪೂರ್ತಿ ಓದಿದೆ. ಗುರುವಪ್ಪಣ್ಣ ಕಾವಲಿಯನ್ನು ಉಜ್ಜುತ್ತಲೇ ಕೇಳಿಸಿಕೊಂಡ.

“ನನಗೆ ಎಂತ ಪಾರ್ಟಿ, ಮಾರಾಯ.”

“ಹಂಗಂದ್ರ ಹ್ಯಾಂಗಣ್ಣ? ನಿಮಗೇನಾದ್ರೂ ಆಸೆ ಇರಬೇಕಲ್ಲ.”

ಆತ ಉಜ್ಜುವ ಬಟ್ಟೆಯನ್ನು ಹಿಂಡಿ ಬದಿಗಿಟ್ಟ. “ಆಸೆ ಅಂತ ಒಂದುಂಟು. ನೀವು ನಗಬಾರದು.”

“ಇಲ್ಲ.”

“ನಾವು ಹನ್ನೊಂದು ಜನ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕು. ನಿಧಾನ. ಎದ್ದು ಓಡುವುದು ಇರಬಾರದು. ದಯಾನಂದ ನನ್ನ ಎದುರು ಕೂರಬೇಕು.”

ಅಷ್ಟೇನಾ ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆತನೇ ಮುಂದುವರಿಸಿದ. “ಹದಿನೆಂಟು ವರ್ಷ ಒಂದೇ ರೂಮು. ಅವನ ಗೊರಕೆ ಗೊತ್ತುಂಟು, ಅವನ ಬನಿಯನ್ ಸೈಜು ಗೊತ್ತುಂಟು. ಅವನು ಉಣ್ಣುವುದನ್ನು ನಾನು ನೋಡಿಯೇ ಇಲ್ಲ ಮಾರಾಯ. ಉಪ್ಪಿನಕಾಯಿ ಮೊದಲು ತಿನ್ನುತ್ತಾನೋ ಕೊನೆಗೋ, ಅನ್ನ ಕಲಸುವಾಗ ನಾಲ್ಕು ಬೆರಳೋ ಐದೋ. ಅವನು ಉಣ್ಣುವಾಗ ನಾನು ಇಲ್ಲಿ, ನಾನು ಉಣ್ಣುವಾಗ ಅವನು ಹೊರಗೆ. ಒಂದು ಸಲ ನೋಡಬೇಕು. ಹೋಗುವ ಮೊದಲು.”

ಅವನು ಹೇಳಿದ್ದು ನಿಜ. ಹೋಟೆಲಿನಲ್ಲಿ ಕೆಲಸದವರ ಊಟ ಪಾಳಿಯ ಮೇಲೆ. ರುಬ್ಬುವವನು ಹತ್ತೂವರೆಗೆ, ಚಹಾದವನು ಹನ್ನೊಂದೂಕಾಲಿಗೆ, ಟೇಬಲಿನವರು ಮೂರರ ಮೇಲೆ ಒಬ್ಬೊಬ್ಬರಾಗಿ, ಕಾವಲಿಯವನು ನಾಲ್ಕೂವರೆಗೆ. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ರುಬ್ಬುವ ಯಂತ್ರದ ಪಕ್ಕ ನಿಂತು, ನಾಲ್ಕೈದು ನಿಮಿಷ. ನಾನೂ ಹಾಗೇ ಉಣ್ಣುತ್ತೇನೆ. ಅದರಲ್ಲಿ ಕೊರತೆ ಏನಾದರೂ ಇದೆ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಲಾಕ್‌ಡೌನಿನಲ್ಲಿ ಶಟರ್ ಎಳೆದಾಗ ಒಟ್ಟಿಗೆ ಉಂಡಿರಬಹುದು ಎಂದುಕೊಂಡು ಕೇಳಿದೆ. ಆಗ ಅರ್ಧ ಜನ ಲಾರಿ ಹಿಡಿದು ಊರಿಗೆ ಹೋಗಿದ್ದರಂತೆ. ದಯಾನಂದನೂ.

ರೂಮಿಗೆ ಹೋಗಿ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಮಾಡಿದೆ. ಹನ್ನೊಂದು ಹೆಸರು, ಬೆಳಗಿನ ಐದರಿಂದ ರಾತ್ರಿಯವರೆಗೆ ಅರ್ಧರ್ಧ ಗಂಟೆಯ ಮನೆಗಳು. ಕೆಲಸವಿರುವ ಮನೆಗೆ ಕೆಂಪು, ಬಿಡುವಿರುವುದಕ್ಕೆ ಹಸಿರು. ಮೇಲಿಂದ ಕೆಳಗಿನವರೆಗೆ ಹನ್ನೊಂದೂ ಹಸಿರಾಗುವ ಒಂದೇ ಒಂದು ಸಾಲು ಸಿಗಲಿಲ್ಲ. ವಾರದ ಏಳು ದಿನಕ್ಕೂ ಮಾಡಿ ನೋಡಿದೆ. ಎಲ್ಲರೂ ಹಸಿರಿರುವುದು ನಿದ್ದೆ ಮಾಡುವಾಗ ಮಾತ್ರ.

ಉಳಿದದ್ದು ಒಂದೇ ದಾರಿ. ಹೋಟೆಲನ್ನು ಮೂರು ಗಂಟೆ ಮುಚ್ಚಬೇಕು.

ನಮ್ಮ ಮಾಲೀಕರು ಉಡುಪಿಯ ಮಧ್ವರಾಜ ರಾಯರು. ಕೆಟ್ಟವರಲ್ಲ. ಸ್ವತಃ ಬಡಿಸಿ, ಸ್ವತಃ ಟೇಬಲ್ ಒರೆಸಿ ಹೋಟೆಲ್ ಕಟ್ಟಿದವರು. ಸೋಮವಾರ ಮಧ್ಯಾಹ್ನ ಮೂರರಿಂದ ಆರು ಎಂದು ಕೋಷ್ಟಕ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎಲ್ಲ ಕೆಂಪು ಮನೆಗಳನ್ನೂ ನೋಡಿದರು.

“ಚಂದ ಮಾಡಿದ್ದೀಯ. ಆದ್ರೆ ಹಗಲು ಹೊತ್ತಿನಲ್ಲಿ ನಮ್ಮ ಶಟರ್ ಕೆಳಗೆ ಬಂದದ್ದು ಎರಡೇ ಸಲ. ಒಂದು ನನ್ನ ಅಪ್ಪ ಹೋದಾಗ, ಇನ್ನೊಂದು ಅಮ್ಮ ಹೋದಾಗ. ಲಾಕ್‌ಡೌನ್ ಬಿಡು, ಅದು ಇಡೀ ಊರಿಗೇ ಬಂದದ್ದು. ಈಗ ಶಟರ್ ಎಳೆದ್ರೆ ಜನ ಎಂತ ತಿಳ್ಕೊಳ್ತಾರೆ? ರಾಯರು ಹೋದ್ರು ಅಂತ ತಿಳ್ಕೊಳ್ತಾರೆ.”

“ಬೋರ್ಡ್ ಬರೆದು ಹಾಕ್ತೀನಿ ರೀ, ಶುಭಕಾರ್ಯ ಅಂತ.”

“ಬೋರ್ಡ್ ಯಾರು ಓದ್ತಾರೆ? ಮೆನು ಕಾರ್ಡೇ ಓದುವುದಿಲ್ಲ ಜನ.”

ಒಳಗೆ ಸೊಪ್ಪು ಬಿಡಿಸುತ್ತಿದ್ದ ಅವರ ಹೆಂಡತಿ ಪ್ರಭಮ್ಮ ಅಲ್ಲಿಂದಲೇ ಮಾತಾಡಿದರು. “ಸತ್ತದ್ದಕ್ಕೆ ಮುಚ್ಚಬಹುದಂತೆ, ಮದುವೆಗೆ ಮುಚ್ಚಬಾರದಂತೆ. ಒಳ್ಳೆ ಶಾಸ್ತ್ರ ನಿಮ್ಮದು. ಗುರುವಪ್ಪ ನಮ್ಮ ಹೋಟೆಲಿನಲ್ಲಿ ಬೆನ್ನು ಬಗ್ಗಿಸಿದ್ದಕ್ಕೆ ಅಲ್ವಾ ನೀವು ಹೀಗೆ ನೆಟ್ಟಗೆ ಕೂತದ್ದು?”

ರಾಯರು ಕನ್ನಡಕ ತೆಗೆದು ಒರೆಸಿದರು. “ಆಯ್ತು ಮಾರಾಯ್ತಿ. ಮೂರರಿಂದ ಆರು. ಆರಕ್ಕೆ ಶಟರ್ ಮೇಲೆ ಇರಬೇಕು.”

ಪ್ರಭಮ್ಮ ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ಹೊರಗೆ ಬಂದರು. “ಬಡಿಸುವುದು ಯಾರು? ಅವರೇ ಎದ್ದೆದ್ದು ಬಡಿಸಿಕೊಳ್ಳುವುದಾದರೆ ಅದೆಂತ ಪಂಕ್ತಿ? ನಾವೇ ಬಡಿಸುವ. ನೀವು, ನಾನು, ಅಭಿ.”

ನನ್ನ ಎದೆ ತುಂಬಿ ಬಂತು. ಇಪ್ಪತ್ತನಾಲ್ಕು ವರ್ಷ ಬೇರೆಯವರಿಗೆ ತಟ್ಟೆ ತುಂಬಿದವನಿಗೆ ಮಾಲೀಕರೇ ಬಡಿಸುವುದು! ಇದಕ್ಕಿಂತ ನೆನಪಿನಲ್ಲಿ ಉಳಿಯುವಂಥದ್ದು ಬೇರೆ ಏನಿದೆ ಎಂದುಕೊಂಡೆ. ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಬಡಿಸುವವರು, ರಾಯರು. ಕೆಳಗೆ ಎರಡು ಗೆರೆ ಎಳೆದೆ. ಆ ಗೆರೆಗಳನ್ನು ಈಗಲೂ ನೋಡುತ್ತೇನೆ.

ಮುಂದಿನ ಹದಿನೈದು ದಿನ ನನ್ನಷ್ಟು ಕೆಲಸ ಮಾಡಿದವರು ಯಾರೂ ಇರಲಿಕ್ಕಿಲ್ಲ. ಹೋಟೆಲಿನಲ್ಲೇ ಮಾಡಬಹುದಲ್ಲ ಎಂದು ಅಭಿಜಿತ್ ಕೇಳಿದಾಗ ಗುರುವಪ್ಪಣ್ಣ ಬೇಡ ಎಂದ. ಕಾವಲಿ ಕಂಡರೆ ಕೈ ಸುಮ್ಮನಿರುವುದಿಲ್ಲವಂತೆ. ಹಾಗಾಗಿ ವಿಠ್ಠಲವಾಡಿಯಲ್ಲಿ ನಿಶ್ಮಿತಾ ಮನೆಯ ಹತ್ತಿರದ ಭಜನಾ ಮಂಡಳಿಯ ಮೇಲಿನ ಹಾಲ್ ಹಿಡಿದೆ. ಅದರ ಬೀಗದ ಕೈ ಶ್ರೀಮತಿ ಎಂಬ ಅಕ್ಕನ ಹತ್ತಿರ ಇರುತ್ತದೆ. ಅವರು ಸೆರಗಿಗೆ ಕಟ್ಟಿಕೊಂಡ ಕೀ ಬಿಚ್ಚುತ್ತ, “ಪಾರ್ಟಿ ಅಂದ್ರೆ ಯಾವ ಪಾರ್ಟಿ? ಬಾಟಲಿ ಗೀಟಲಿ ಚಾಲಣಾರ ನಾಹಿ, ನೋಡಿ” ಎಂದು ಎಚ್ಚರಿಸಿದರು. ಗುರುನಾಥನ ಕೋಳಿಯ ಆಸೆಯೂ ಅಲ್ಲಿಗೆ ಮುಗಿಯಿತು. ದಯಾನಂದ, “ಭಜನಾ ಮಂದಿರದಲ್ಲಿ ಬ್ಯಾಚುಲರ್ ಪಾರ್ಟಿ! ಮದುಮಗ ಮದುವೆಗೆ ಮೊದಲೇ ವಾನಪ್ರಸ್ಥ!” ಎಂದು ಹೋಟೆಲಿಗೆಲ್ಲ ಸಾರಿದ. ಆದರೆ ಎದುರು ಕೂರಬೇಕು ಎಂಬ ಮಾತನ್ನು ನಾನು ಹೇಳಿದಾಗ ನಗಲಿಲ್ಲ. “ನನ್ನ ಎದುರಾ? ಅವನಿಗೆ ಮರ್ಲ್, ಹುಚ್ಚು ಹಿಡಿದಿದೆ” ಎಂದು ಟೇಬಲ್ ಒರೆಸಲು ಹೋದ. ಆ ಟೇಬಲ್ ಆಗಲೇ ಒರೆಸಿ ಆಗಿತ್ತು.

ನಮ್ಮ ಅಡುಗೆಯನ್ನು ನಾವೇ ಉಣ್ಣುವುದು ಬೇಡ ಎಂದು ಠಾಣೆಯ ಒಬ್ಬ ಅಡುಗೆ ಭಟ್ಟರನ್ನು ಗೊತ್ತು ಮಾಡಿದೆ. ಕೋಸಂಬರಿ, ಎರಡು ಪಲ್ಯ, ಸಾರು, ಹುಳಿ, ಹೋಳಿಗೆ, ಪಾಯಸ. ದೋಸೆ, ಇಡ್ಲಿ, ವಡೆಯ ಹೆಸರು ಇರಲಿಲ್ಲ. ಎಲೆಗಳನ್ನು ಎದುರುಬದುರಾಗಿ ಎರಡು ಸಾಲು ಹಾಕುವುದು, ಈ ಕಡೆ ಆರು, ಆ ಕಡೆ ಐದು. ಗುರುವಪ್ಪಣ್ಣ ನಡುವೆ, ಸರಿಯಾಗಿ ಅವನೆದುರು ದಯಾನಂದ. ಸಮಯದ ಪಟ್ಟಿಯನ್ನೂ ಮಾಡಿದೆ. ಮೂರೂ ನಲವತ್ತಕ್ಕೆ ಎಲೆಗೆ ಕೂರುವುದು. ನಾಲ್ಕೂಕಾಲಿಗೆ ಹೋಳಿಗೆ. ನಾಲ್ಕೂವರೆಗೆ ಪಾಯಸ. ನಾಲ್ಕು ಐವತ್ತರಿಂದ ಐದೂಕಾಲಿನವರೆಗೆ ಹಾಡು, ಮಾತು. ಆಮೇಲೆ ರೈಲು.

ಅದರ ನಡುವೆ ನಿಶ್ಮಿತಾ ಒಮ್ಮೆ ಫೋನ್ ಮಾಡಿದ್ದಳು. “ಅವರಿಗೆ ಫ್ರೆಂಡ್ಸ್ ಇದ್ದಾರಲ್ವಾ? ಎಲ್ಲರೂ ಒಟ್ಟಿಗಿರುವ ಒಂದು ಫೋಟೊ ಬೇಕಿತ್ತು. ಕೇಳಿದ್ರೆ ಇಲ್ಲ ಅಂತಾರೆ. ಇಷ್ಟು ವರ್ಷದಲ್ಲಿ ಒಂದೂ ಇಲ್ವಾ?” ಅವತ್ತು ತೆಗೆಸಿ ಕಳಿಸುತ್ತೇನೆ ಎಂದು ಮಾತು ಕೊಟ್ಟೆ.

ಸೋಮವಾರ ಮೂರಕ್ಕೆ ಐದು ನಿಮಿಷವಿರುವಾಗ ಕೊನೆಯ ಗಿರಾಕಿ ಎದ್ದರು. ನನ್ನ ಎರಡೂ ಯಂತ್ರಗಳನ್ನು ಮಲಗಿಸಿದೆ. ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಶಟರಿಗೆ ಅಂಟಿಸಿದೆ. ಶಟರ್ ಕೆಳಗೆ ಬಂದಾಗ ಎದುರಿನ ಮೆಡಿಕಲ್ ಅಂಗಡಿಯವರು ಎದ್ದು ನಿಂತು ನಮಗೆ ಕೈ ಮುಗಿದರು. ಯಾಕೆಂದು ನಮಗೆ ಆಗ ತಿಳಿಯಲಿಲ್ಲ.

ಬದ್ಲಾಪುರ ಲೋಕಲ್ ಮಧ್ಯಾಹ್ನದ ಹೊತ್ತಿಗೆ ಖಾಲಿ ಇತ್ತು. ಬೇಕಾದಷ್ಟು ಸೀಟು. ಆದರೂ ಹನ್ನೊಂದು ಜನರಲ್ಲಿ ಯಾರೂ ಕೂರಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದರು. ಕೂತ್ಕೊಳ್ಳಿ ಎಂದು ನಾನು ಎರಡು ಸಲ ಹೇಳಿದೆ. “ಅಭ್ಯಾಸ ಇಲ್ಲ ಡಿಗ್ರಿ, ಕೂತ್ರೆ ಸೊಂಟ ನೋಯ್ತದೆ” ಎಂದ ದಯಾನಂದ. ಎಲ್ಲರೂ ನಕ್ಕರು. ಕಲ್ಯಾಣ ದಾಟುವವರೆಗೂ ಗುರುವಪ್ಪಣ್ಣ ನಗುತ್ತಲೇ ಇದ್ದ. ಅವನ ಹಲ್ಲುಗಳ ನಡುವೆ ಒಂದು ಸಂದು ಇದೆ ಎಂದು ಅವತ್ತು ನನಗೆ ಗೊತ್ತಾಯಿತು.

ಹಾಲಿನಲ್ಲಿ ಚಾಪೆ ಹಾಸಿ ಎಲೆ ಹಾಕಿಯಾಗಿತ್ತು. ರಾಯರು, ಪ್ರಭಮ್ಮ, ಅಭಿಜಿತ್ ಕಾರಿನಲ್ಲಿ ಮೊದಲೇ ಬಂದಿದ್ದರು. ರಾಯರು ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಅವರನ್ನು ಹಾಗೆ ನೋಡಿದ ಕೂಡಲೇ ಹನ್ನೊಂದು ಜನರ ಮಾತೂ ನಿಂತಿತು. ಗುರುನಾಥ ತಟ್ಟನೆ ಮುಂದೆ ಹೋಗಿ, “ಧಣೇರ, ಕೊಡ್ರಿ ಇಲ್ಲಿ, ನಾ ಬಡಸ್ತೀನಿ” ಎಂದು ಸೌಟಿಗೆ ಕೈ ಹಾಕಿದ.

“ಕೂರಪ್ಪ ನೀನು. ಇವತ್ತು ನಾವು ಬಡಿಸುವುದು.”

ಕೂತೆವು. ನಾನು ಸಾಲಿನ ತುದಿಯಲ್ಲಿದ್ದೆ, ನನ್ನ ಪಕ್ಕ ಸಂದೇಶ. ಗುರುವಪ್ಪಣ್ಣ ಮತ್ತು ದಯಾನಂದ ಎದುರುಬದುರು ಚಕ್ಕಳಮಕ್ಕಳ ಹಾಕಿದರು. ನಡುವೆ ನಾಲ್ಕು ಅಡಿ ಜಾಗ. ಒಬ್ಬರನ್ನೊಬ್ಬರು ನೋಡಿ ಇಬ್ಬರಿಗೂ ನಾಚಿಕೆಯಾಯಿತು. “ಎಂತ ನೋಡುವುದು? ನಿನ್ನ ಹೆಂಡತಿಯಾ ನಾನು?” ಎಂದ ದಯಾನಂದ. ನಾನು ಕಣ್ಣಲ್ಲೇ ಹೇಳಿದೆ, ನೋಡಣ್ಣ, ಎಷ್ಟು ಬೇಕಾದರೂ ನೋಡು, ಒಂದು ಗಂಟೆ ಹೊತ್ತಿದೆ.

ರಾಯರು ಉಪ್ಪು ಹಾಕಿದರು, ಉಪ್ಪಿನಕಾಯಿ ಹಾಕಿದರು. ಅವರ ಕೈ ಹೋಟೆಲಿನ ಕೈ. ವಯಸ್ಸಾದರೂ ವೇಗ ಹೋಗಿಲ್ಲ. ಕೋಸಂಬರಿ ಬಿದ್ದಲ್ಲಿ ಪಲ್ಯ, ಪಲ್ಯ ಬಿದ್ದಲ್ಲಿ ಅನ್ನ. ಅನ್ನಕ್ಕೆ ಗುಂಡಿ ಮಾಡುವಷ್ಟರಲ್ಲಿ ಪ್ರಭಮ್ಮ ಸಾರಿನೊಂದಿಗೆ ಬಂದರು. ಎಲ್ಲರ ತಲೆ ಬಗ್ಗಿತು.

ಆಮೇಲೆ ನಡೆದದ್ದನ್ನು ನಾನು ಹೇಗೆ ಹೇಳಲಿ? ಯಾರೂ ಮಾತಾಡಲಿಲ್ಲ. ಮಾಲೀಕರು ಎದುರು ನಿಂತಿದ್ದಾರೆ, ಕೈಯಲ್ಲಿ ಅನ್ನವಿದೆ. ಮೈಗೆ ಇಷ್ಟು ಗೊತ್ತಾದರೆ ಸಾಕು, ಉಳಿದದ್ದನ್ನು ಅದೇ ಮಾಡುತ್ತದೆ. ಕಲಸುವುದು, ನುಂಗುವುದು, ಕಲಸುವುದು. ಗುರುನಾಥನ ಎಡಗೈ ತಟ್ಟೆಯನ್ನು ಹುಡುಕಿ, ಸಿಗದೆ, ಎಲೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅದೊಂದು ನೆನಪಿದೆ. ಉಳಿದದ್ದು ನೆನಪಿಲ್ಲ. ನಾನೂ ತಲೆ ಬಗ್ಗಿಸಿದ್ದೆ. ಹುಳಿ ಬಂತು, ಹೋಳಿಗೆ ಬಂತು. ನಮ್ಮ ಕೈ ಖಾಲಿಯಾದದ್ದು ಕಂಡು ರಾಯರು ಬೇಗ ಬೇಗ ತಂದರು. ಅವರು ಬೇಗ ತರುವುದು ಕಂಡು ನಾವು ಬೇಗ ಬೇಗ ಉಂಡೆವು. ಪಾಯಸ ಬಂತು. ನಿಲ್ಲಿಸಿ ಎಂದು ನಾನು ಹೇಳಬೇಕಿತ್ತು. ಯಾರಿಗೆ ಹೇಳುವುದು? ಬಾಯಿ ತುಂಬ ಪಾಯಸವಿತ್ತು.

“ಇನ್ನೇನು ಬೇಕು?” ಎಂದರು ರಾಯರು. ಹೋಟೆಲಿನಲ್ಲಿ ಟೇಬಲ್ ಖಾಲಿಯಾಗಬೇಕಾದಾಗ ಕೇಳುವ ಪ್ರಶ್ನೆ ಅದು. ಅವರು ಪ್ರೀತಿಯಿಂದಲೇ ಕೇಳಿದರು. ನಲವತ್ತು ವರ್ಷದ ಅಭ್ಯಾಸದಲ್ಲಿ ಧ್ವನಿ ಮಾತ್ರ ಅದೇ ಬಂತು.

ಹನ್ನೊಂದು ಕೈಗಳು ಎಲೆಯ ಮೇಲೆ ಅಡ್ಡ ಬಂದವು. “ಸಾಕು, ಸಾಕು.” ಹನ್ನೊಂದು ಎಲೆಗಳು ಮಡಚಿಕೊಂಡವು. ಹನ್ನೊಂದು ಜನ ಎದ್ದರು.

ಕೈ ತೊಳೆದು ಬಂದು ಗೋಡೆಯ ಗಡಿಯಾರ ನೋಡಿದೆ. ಮೂರೂ ಐವತ್ತು. ಗಡಿಯಾರ ನಿಂತಿದೆ ಎಂದುಕೊಂಡೆ. ಸೆಕೆಂಡಿನ ಮುಳ್ಳು ಓಡುತ್ತಿತ್ತು.

ಬಾಗಿಲಲ್ಲಿ ಶ್ರೀಮತಿ ಅಕ್ಕ ಕೀ ಹಿಡಿದು ನಿಂತಿದ್ದರು. “ಝಾಲ? ಆಯ್ತಾ ಇಷ್ಟು ಬೇಗ? ನಾನು ಚಹಾ ಕುಡಿದು ಬರುವಷ್ಟರಲ್ಲಿ?”

“ಇನ್ನೂ ಹಾಡೈತಿ, ಮಾತೈತಿ” ಎಂದೆ, ಪಟ್ಟಿ ಕೈಯಲ್ಲಿ ಹಿಡಿದುಕೊಂಡು. “ಕೂತ್ಕೊಳ್ಳಿ ಎಲ್ಲಾರೂ. ಟೈಮ್ ಭಾಳ ಐತಿ.” ಅವರು ನನ್ನ ಮಾತು ಕೇಳಿ ಗೋಡೆಗೆ ಒರಗಿ ಕೂತರು. ಯಾರಿಗೂ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ದಯಾನಂದ ಒಂದು ಜೋಕು ಶುರು ಮಾಡಿ ರಾಯರು ಇರುವುದು ಕಂಡು ಅರ್ಧಕ್ಕೆ ಬಿಟ್ಟ. ಸಂದೇಶ ಎದ್ದು ಎಲೆಗಳನ್ನು ಒಟ್ಟು ಮಾಡತೊಡಗಿದ. ಅದನ್ನು ಕಂಡು ಇನ್ನಿಬ್ಬರು ಬಟ್ಟೆ ಹುಡುಕಿದರು. ಬೇಡ, ಬಿಡಿ, ಅದಕ್ಕೆ ಜನ ಇದ್ದಾರೆ ಎಂದು ನಾನು ಕೂಗಿದೆ. ನನ್ನ ಧ್ವನಿ ನನಗೇ ಅಳುವಿನಂತೆ ಕೇಳಿಸಿತು. ಐದು ನಿಮಿಷದಲ್ಲಿ ಹಾಲ್ ಕನ್ನಡಿಯಂತಾಯಿತು. ಮೂಲೆಯನ್ನು ಒರೆಸುತ್ತಿದ್ದವನು ಗುರುವಪ್ಪಣ್ಣ.

ಅಷ್ಟರಲ್ಲಿ ಫೋನುಗಳು ಶುರುವಾದವು. ಮೊದಲು ನನ್ನದು. ದಿನಾ ಎರಡು ಇಡ್ಲಿ ತೆಗೆದುಕೊಂಡು ಹೋಗುವ ಅಜ್ಜ, “ಕೋಣ್ ಗೇಲಾ?” ಎಂದು ಕೇಳಿದರು, ಯಾರು ಹೋದರು ಎಂದು. ಯಾರೂ ಹೋಗಿಲ್ಲ ಕಾಕಾ, ಮದುವೆ ಎಂದೆ. ಅವರು ನಂಬಲಿಲ್ಲ. ಆಮೇಲೆ ರಾಯರ ಫೋನು. ಅವರು ತಾವೇ ಎತ್ತಿ, “ನಾನೇ ಮಾತಾಡುವುದು. ಹೌದು, ನಾನೇ” ಎಂದು ಮೂರು ಸಲ ಹೇಳಬೇಕಾಯಿತು. ಎದುರಿನ ಮೆಡಿಕಲಿನವರು ಕೈ ಮುಗಿದದ್ದು ಯಾಕೆಂದು ಆಗ ತಿಳಿಯಿತು. ಯಾರೋ ಶಟರ್ ಮುಂದೆ ಹೂವಿನ ಹಾರ ಇಟ್ಟು ಹೋಗಿದ್ದಾರೆ ಎಂದು ಪಕ್ಕದ ಅಂಗಡಿಯಿಂದ ಸುದ್ದಿ ಬಂತು. ರಾಯರು ನಗಲು ನೋಡಿದರು, ಆಗಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ಗುರುವಪ್ಪಣ್ಣನೇ ಎದ್ದ.

“ಧಣಿಗಳೇ, ಹೋಗುವ. ಊಟ ಚಂದ ಆಯ್ತು. ನಾಲ್ಕೂವರೆಯ ಚಹಾಕ್ಕೆ ತೆರೆಯುವ.”

ಎಲ್ಲರಿಗೂ ಹಗುರಾದಂತೆ ಕಂಡಿತು. ನನಗೆ ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ಅಭಿಜಿತ್ ನನ್ನ ಭುಜ ತಟ್ಟಿ, “ವಾಶಿ ಬೋಲಾ ಥಾ ನಾ ಮೈನೇ” ಎಂದ. ಅಲ್ಲಿಗೆ ಹೋಗಿದ್ದರೂ ಇವರು ಇಷ್ಟೇ ಹೊತ್ತಿನಲ್ಲಿ ಎದ್ದು ಟೇಬಲ್ ಒರೆಸುತ್ತಿದ್ದರು ಎಂದು ಅವನಿಗೆ ಹೇಳಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಗುರುವಪ್ಪಣ್ಣ ನನ್ನ ಪಕ್ಕ ನಿಂತಿದ್ದ. ಠಾಕುರ್ಲಿ ಬಂದಾಗ ಧೈರ್ಯ ಮಾಡಿ ಕೇಳಿದೆ.

“ಅಣ್ಣ, ನೋಡಿದ್ರಿ? ದಯಾನಂದಣ್ಣ ಹ್ಯಾಂಗ ಉಣ್ತಾನ?”

ಆತ ಹೊರಗೆ ನೋಡುತ್ತಿದ್ದವನು ನನ್ನತ್ತ ತಿರುಗಿದ. ಅವನ ಮುಖದಲ್ಲಿ, ಏನನ್ನೋ ಸ್ಟೇಷನ್ನಿನಲ್ಲೇ ಮರೆತು ಬಂದವನ ಗಾಬರಿ ಇತ್ತು.

“ನೋಡ್ಲಿಕ್ಕೆ ಮರೆತೆ ಮಾರಾಯ” ಎಂದ.

ರಾತ್ರಿ ಅಭಿಜಿತ್ ಫೋಟೊಗಳನ್ನು ಕಳಿಸಿದ. ಒಟ್ಟು ಹದಿನಾಲ್ಕು. ಮೊದಲನೆಯದರ ಸಮಯ ಮೂರೂ ನಲವತ್ತೊಂದು, ಕೊನೆಯದು ಮೂರೂ ನಲವತ್ತೊಂಬತ್ತು. ಎಲ್ಲದರಲ್ಲೂ ಹನ್ನೊಂದು ತಲೆಗಳ ನೆತ್ತಿ ಕಾಣುತ್ತದೆ. ಒಂದರಲ್ಲೂ ಮುಖವಿಲ್ಲ. ಬೇರೆ ದಾರಿ ಇಲ್ಲದೆ ಅವುಗಳಲ್ಲೇ ಒಂದನ್ನು ನಿಶ್ಮಿತಾಗೆ ಕಳಿಸಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು. ‘ಇದರಲ್ಲಿ ಅವರು ಯಾರು?’ ಈಚೆ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವರು, ನೆತ್ತಿಯಲ್ಲಿ ಸ್ವಲ್ಪ ಕೂದಲು ಕಡಿಮೆ ಇರುವವರು ಎಂದು ಬರೆದೆ. ‘ಓ, ಬೆನ್ನು ನೋಡಿದ್ದೆ. ಈಗ ತಲೆ ನೋಡಿದ ಹಾಗಾಯ್ತು’ ಎಂದು ಬರೆದು, ನಗುವ ಒಂದು ಚಿತ್ರ ಹಾಕಿದ್ದಳು.

ಆ ವಾರದ ಶನಿವಾರ ಗುರುವಪ್ಪಣ್ಣನ ಕೊನೆಯ ದಿನ. ಮರುದಿನ ಊರಿಗೆ ಹೋಗಿ, ಮದುವೆ ಮುಗಿಸಿ, ಬಂದರೆ ರಬಾಳೆ. ಅವತ್ತು ಟೇಬಲಿನಲ್ಲಿ ಜನ ಹೆಚ್ಚಿದ್ದರಿಂದ ದಯಾನಂದನ ಊಟದ ಪಾಳಿ ತಡವಾಗಿ ನಾಲ್ಕೂಕಾಲಿಗೆ ಬಂತು. ತಟ್ಟೆ ಹಿಡಿದು ರುಬ್ಬುವ ಯಂತ್ರದ ಪಕ್ಕ ಬಂದು ನಿಂತ. ನನ್ನ ಮೂಲೆಯಿಂದ ಅಡುಗೆಮನೆಯ ಆ ಭಾಗ ಕಾಣುತ್ತದೆ. ಅವನು ಉಪ್ಪಿನಕಾಯಿಯನ್ನು ಮೊದಲು ತಟ್ಟೆಯ ಅಂಚಿಗೆ ಸರಿಸಿದ. ಅನ್ನವನ್ನು ಮೂರೇ ಬೆರಳಿನಲ್ಲಿ ಕಲಸಿದ. ಪ್ರತಿ ತುತ್ತಿಗೂ ಕಣ್ಣು ಮುಚ್ಚುತ್ತಿದ್ದ. ಅವನಿಂದ ನಾಲ್ಕು ಅಡಿ ದೂರದಲ್ಲಿ ಗುರುವಪ್ಪಣ್ಣ ಗೋಡೆಗೆ ಮುಖ ಮಾಡಿ ಕಾವಲಿಗೆ ನೀರು ಚಿಮುಕಿಸುತ್ತಿದ್ದ.

ಅಣ್ಣ, ಹಿಂದೆ ನೋಡಿ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ನಾನು ಎದ್ದೂ ನಿಂತಿದ್ದೆ. ಅಷ್ಟರಲ್ಲಿ ನನ್ನ ಎರಡೂ ಯಂತ್ರಗಳು ಒಟ್ಟಿಗೆ ಕೂಗಿದವು.

“ನಾಲ್ಕು ಮಸಾಲೆ, ಎರಡು ಮೈಸೂರು, ಒಂದು ಸಾದಾ ಎಣ್ಣೆ ಇಲ್ಲದ್ದು” ಎಂದು ಓದಿದೆ.

ಗುರುವಪ್ಪಣ್ಣ ಹಿಂತಿರುಗಿ ನೋಡದೆ ತಲೆ ಅಲ್ಲಾಡಿಸಿದ. ಏಳು ದೋಸೆ ಹುಯ್ದು ಮುಗಿಸುವಷ್ಟರಲ್ಲಿ ದಯಾನಂದ ತಟ್ಟೆ ತೊಳೆದಿಟ್ಟು ಹೊರಗೆ ಹೋಗಿದ್ದ.